ಕಣ್ಣಾಮುಚ್ಚಾಲೆ ಗೆದ್ದ ದಿನ

ಹಸಿ ಟೀ ಎಲೆಯ ವಾಸನೆ ಬಂದರೆ ಈಗಲೂ ನನ್ನ ಕೈ ಎದೆಯ ಮೇಲೆ ಹೋಗುತ್ತದೆ.

ಗಂಟಲುನೋವಿನ ಜ್ವರದಿಂದ ನನ್ನ ಹೃದಯದ ವಾಲ್ವ್ ಸೋರತೊಡಗಿ, ಕೊಯಮತ್ತೂರಿನಲ್ಲಿ ಲೋಹದ ವಾಲ್ವ್ ಹಾಕಿಸಿಕೊಂಡು ಟೀ ತೋಟಗಳ ನಮ್ಮೂರು ಚೇರಂಬಾಡಿಗೆ ಮರಳಿದ ವರ್ಷವದು. ಸುತ್ತ ಸದ್ದಿಲ್ಲದಿದ್ದರೆ ಎದೆಯೊಳಗಿನ ಟಿಕ್ ಟಿಕ್ ಪಕ್ಕದವರಿಗೂ ಕೇಳುತ್ತಿತ್ತು.

ಆ ಮಧ್ಯಾಹ್ನ ಕಣ್ಣಾಮುಚ್ಚಾಲೆಯಲ್ಲಿ ನಾನು ಕಿತ್ತ ಟೀ ಎಲೆ ಕೂಡಿಡುವ ಶೆಡ್ಡಿನೊಳಗೆ, ಬಿಸಿಯೇರಿದ ಎಲೆಮೂಟೆಗಳ ಹಿಂದೆ ಅಡಗಿದೆ. ಹೊರಗೆ ದೊಡ್ಡಮ್ಮ ತಮ್ಮ ಮಗ ರಾಜುವಿಗೆ, "ಅವ್ಳನ್ನ ಓಡಿಸ್ಬೇಡ ಕಣೋ, ಗುಂಡಿಗೆ ಆಪರೇಷನ್ ಆಗಿರೋ ಮಗು" ಅನ್ನುತ್ತಿದ್ದರು.

ನನ್ನನ್ನು ಹುಡುಕುತ್ತ ರಾಜು ಒಳಗೆ ಬಂದ. ನಾನು ಉಸಿರು ಬಿಗಿಹಿಡಿದೆ. ಟಿಕ್ ಟಿಕ್ ನಿಲ್ಲಲಿಲ್ಲ. ನನ್ನ ಮೂಟೆಯ ಮುಂದೆಯೇ ಸ್ವಲ್ಪ ಹೊತ್ತು ನಿಂತವನು, "ಇಲ್ಲಿ ಯಾರೂ ಇಲ್ಲ" ಎಂದು ಜೋರಾಗಿ ಹೇಳಿ ಹೊರಟುಹೋದ.

ಸಂಜೆ ಲಾರಿಯವರು ಬಂದು ಮೂಟೆ ಎತ್ತುವವರೆಗೂ, ಗೆದ್ದೆನೆಂದುಕೊಂಡು ಅಲ್ಲೇ ಕೂತಿದ್ದೆ.