ತಾನೇ ಬೀಳುವ ಬ್ರೇಕ್

“ನೋಡು, ಮತ್ತ ಬ್ರೇಕ್ ಬಿತ್ತು!” ಅಯ್ಯಣ್ಣ ಕೀಬೋರ್ಡಿನಿಂದ ಎರಡೂ ಕೈ ಎತ್ತಿದರು. “ನಾ ಒತ್ತೇ ಇಲ್ಲ.”

ಪರದೆಯ ಮೇಲೆ ಕೆಂಪು ಬಸ್ಸು ನಿಂತುಬಿಟ್ಟಿತ್ತು. ಬೇವಿನ ಮರದ ತಿರುವು. ದೋರನಹಳ್ಳಿ ಇನ್ನೂ ಮೂರು ಕಿಲೋಮೀಟರ್.

ತೌಫೀಕ್ ತಲೆ ಕೆರೆದುಕೊಂಡ. ಶಹಾಪುರದಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದೇ ವಾರದಲ್ಲಿ ಈ ಮನೆಗೆ ಮೂರನೇ ಸಲ ಬಂದಿದ್ದ. ತಪ್ಪು ತನ್ನದೇ ಇರಬಹುದೆಂಬ ಅಳುಕೂ ಇತ್ತು. ಏಕೆಂದರೆ ಅಯ್ಯಣ್ಣನವರ ಬಸ್ಸಿನ ಗೇಮಿಗೆ ಹೊಸ ಮಾಡ್ ಹಾಕಿಕೊಟ್ಟವನು ಅವನೇ. ಗೇಮಿನಲ್ಲಿ ಇಲ್ಲದ ಊರು, ರಸ್ತೆಗಳನ್ನು ಸೇರಿಸುವ ಫೈಲು ಅದು. ಈ ಕಡೆಯವರೇ ಯಾರೋ ಯಾದಗಿರಿಯಿಂದ ಸುರಪುರದವರೆಗಿನ ರಸ್ತೆಯನ್ನು ಇದ್ದದ್ದು ಇದ್ದಂತೆ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದರು. ಭೀಮಾ ನದಿಯ ಸೇತುವೆ, ಹತ್ತಿಯ ಹೊಲ, ಊರಿನ ಬೋರ್ಡುಗಳು, ಎಲ್ಲ ಇದ್ದವು.

ಇಪ್ಪತ್ತೊಂಬತ್ತು ವರ್ಷ ಅದೇ ರಸ್ತೆಯಲ್ಲಿ ಬಸ್ಸು ಓಡಿಸಿದವರು ಅಯ್ಯಣ್ಣ. ನಾಲ್ಕು ವರ್ಷದ ಹಿಂದೆ, ಸರ್ವಿಸ್ ಇನ್ನೂ ಇರುವಾಗಲೇ, ರಾಜೀನಾಮೆ ಬರೆದುಕೊಟ್ಟು ಮನೆಯಲ್ಲಿ ಕುಳಿತಿದ್ದರು. ಮೊಣಕಾಲು ನೋವು ಎಂದು ಜನ ಹೇಳುತ್ತಿದ್ದರು. ಮಾಡ್ ಹಾಕುವ ಮೊದಲು ಯಾವುದೋ ದೇಶದ ಹಿಮದ ರಸ್ತೆಗಳಲ್ಲಿ ಗೇಮ್ ಆಡುತ್ತಿದ್ದರು. ಆಗ ಕೀಬೋರ್ಡ್ ಒಂದು ದಿನವೂ ತಕರಾರು ಮಾಡಿರಲಿಲ್ಲ.

ಮೊದಲ ಸಲ ಬಂದಾಗ ತೌಫೀಕ್ ಕೀಬೋರ್ಡಿನ ಸೆಲ್ ಬದಲಿಸಿದ್ದ. ಎರಡನೇ ಸಲ, ವೈರ್‌ಲೆಸ್ ಸಿಗ್ನಲ್ ತಪ್ಪುತ್ತಿರಬೇಕೆಂದು ಅದರ ರಿಸೀವರನ್ನು ಕಂಪ್ಯೂಟರಿನ ಹಿಂದಿನಿಂದ ಕಿತ್ತು ಮುಂದಕ್ಕೆ ಸಿಕ್ಕಿಸಿದ್ದ. ಇವತ್ತು ಮಾಡ್ ತೆಗೆದು ಮತ್ತೆ ಹಾಕಿದ್ದ. ಬಸ್ಸು ಅಲ್ಲೇ ನಿಂತಿತು.

ಗೊಲ್ಲಾಳಮ್ಮ ಚಹಾ ತಂದಿಟ್ಟರು. ಅಯ್ಯಣ್ಣನವರ ಹೆಂಡತಿ, ಕಡಿಮೆ ಮಾತಿನವರು.

“ಕಂಪ್ಯೂಟರ್ ಹಳೇದಾಗ್ಯದ್ರಿ. ಯಾರಿಗಂತ ತಗೊಂಡಿದ್ರಿ?” ತೌಫೀಕ್ ಕೇಳಿದ.

“ಮಗಳಿಗೆ.”

“ಅವರು ಈಗ?”

“ಇಲ್ಲಿಲ್ಲ.” ಬಟ್ಟಲನ್ನು ಅವನತ್ತ ಸರಿಸಿದರು. “ಆರತದ, ಕುಡಿ.”

ಮದುವೆಯಾಗಿ ಹೋಗಿರಬೇಕು ಎಂದುಕೊಂಡ ತೌಫೀಕ್.

“ಈ ಮಾಡ್ ತೆಗೆದೇ ಹಾಕ್ತೀನ್ರಿ. ಹಳೇ ರಸ್ತಾದಾಗೇ ಆಡ್ರಿ, ಕಾಕಾ.”

“ಬ್ಯಾಡ!” ಅಯ್ಯಣ್ಣ ಅಬ್ಬರಿಸಿದರು. ಚಹಾ ತುಳುಕಿತು. ಆಮೇಲೆ ಮೆತ್ತಗೆ, “ಬ್ಯಾಡಪ್ಪ. ಒಮ್ಮೆ ಆ ತಿರುವು ಸುಮ್ನ ದಾಟಿಬಿಟ್ರ ಸಾಕು,” ಎಂದರು.

ತೌಫೀಕ್ ಚೀಲದಿಂದ ವೈರಿನ ಕೀಬೋರ್ಡ್ ತೆಗೆದು ಜೋಡಿಸಿದ. ತಾನೇ ಕುರ್ಚಿಯಲ್ಲಿ ಕುಳಿತು ಬಸ್ಸು ಓಡಿಸಿದ. ಸೇತುವೆ ದಾಟಿತು. ಬೇವಿನ ಮರ ಬಂತು, ಹೋಯಿತು. ಬಸ್ಸು ನಿಲ್ಲಲಿಲ್ಲ. ಮತ್ತೆ ವೈರ್‌ಲೆಸ್ ಜೋಡಿಸಿ ಓಡಿಸಿದ. ಆಗಲೂ ನಿಲ್ಲಲಿಲ್ಲ.

“ಈಗ ನೀವು ಓಡಿಸ್ರಿ.”

ಅಯ್ಯಣ್ಣ ಕುಳಿತರು. ಈ ಸಲ ತೌಫೀಕ್ ಪರದೆ ನೋಡಲಿಲ್ಲ. ಅವರ ಕೈ ನೋಡಿದ.

ತಿರುವು ಬರುತ್ತಿದ್ದಂತೆ ಅವರ ಕಣ್ಣು ರಸ್ತೆಯ ಎಡ ಅಂಚಿಗೆ ಹೋಯಿತು. ಹೆಬ್ಬೆರಳು ಮೆಲ್ಲಗೆ ಉದ್ದನೆಯ ಕೀಲಿಯ ಮೇಲೆ ಇಳಿಯಿತು. ಅದು ಬ್ರೇಕ್. ಹಿಂದೆಯೇ ಇನ್ನೊಂದು ಬೆರಳು ಇನ್ನೊಂದು ಕೀಲಿ ಒತ್ತಿತು. ಬಸ್ಸಿನ ಬಾಗಿಲು ತೆರೆದುಕೊಂಡಿತು.

ಯಾರೂ ಹತ್ತಲಿಲ್ಲ. ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು.

“ನೋಡಿದ್ಯಾ?” ಅಯ್ಯಣ್ಣ ಕೈ ಎತ್ತಿದರು. ಹಣೆಯಲ್ಲಿ ಬೆವರಿತ್ತು. “ತಾನೇ ಬಿತ್ತು.”

ಸುಳ್ಳು ಹೇಳುತ್ತಿರಲಿಲ್ಲ ಅವರು. ತೌಫೀಕನಿಗೆ ಅದು ಗೊತ್ತಾಯಿತು. ಸುಳ್ಳು ಹೇಳಿದವನು ಅವನೇ.

“ಕೀಬೋರ್ಡಿಗೆ ಏನೂ ಆಗಿಲ್ರಿ. ಮಾಡ್ ಮಾಡಿದವರು ಅಲ್ಲೊಂದು ಸ್ಟಾಪ್ ಇಟ್ಟಾರ. ಬಸ್ ಅಲ್ಲಿ ನಿಲ್ಲಬೇಕು, ಅಷ್ಟೇ.”

“ಅಲ್ಲಿ ಸ್ಟಾಪ್ ಇಲ್ಲ.” ಅಯ್ಯಣ್ಣ ಪರದೆಯ ತೆರೆದ ಬಾಗಿಲನ್ನೇ ನೋಡುತ್ತಿದ್ದರು. “ಎಕ್ಸ್‌ಪ್ರೆಸ್ಸಿಗೆ ಅಲ್ಲಿ ಸ್ಟಾಪ್ ಇಲ್ಲೇ ಇಲ್ಲ.”

ಚೀಲ ಹೆಗಲಿಗೇರಿಸಿ ತೌಫೀಕ್ ಹೊರಬಂದ. ಗೊಲ್ಲಾಳಮ್ಮ ಗೇಟಿನವರೆಗೆ ಬಂದರು.

“ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ತಿರುವಿನ್ಯಾಗ ಕಾಕಾನ ಬಸ್ಸಿಗೆ ಯಾರರ ಸಿಕ್ಕಿದ್ರೇನ್ರಿ?”

“ಅವರ ಬಸ್ಸಿಗೆ ಒಂದು ಕೋಳಿನೂ ಸಿಕ್ಕಿಲ್ಲ.” ಗೊಲ್ಲಾಳಮ್ಮ ಗೇಟಿನ ಸರಳು ಹಿಡಿದುಕೊಂಡರು. “ನಾಲ್ಕು ವರ್ಷದ ಹಿಂದ ಒಂದಿನ ಸಂಜಿಮುಂದ ಒಬ್ಬಾಕಿ ಅಲ್ಲಿ ನಿಂತು ಕೈ ಮಾಡಿದ್ಲು. ಹಳ್ಳಿ ಸಾಲ್ಯಾಗ ಪಾಠ ಹೇಳಿ ಮನಿಗಿ ಬರಾಕತ್ತಿದ್ಲು. ಇವರು ನಿಲ್ಲಸಲಿಲ್ಲ. ಮಾರಿ ನೋಡಿ ಬ್ರೇಕ್ ಹಾಕಾಂವ ಡ್ರೈವರೇ ಅಲ್ಲ ಅಂತಿದ್ರು. ಯಾರೇ ಇರಲಿ, ರೂಲ್ ಅಂದ್ರ ರೂಲ್.”

“ಮುಂದ?”

“ಹಿಂದ ಒಂದು ಟಂಟಂ ಆಟೋ ಬಂತು. ತುಂಬಿ ತುಳುಕತಿತ್ತು. ಅದರಾಗ ಹತ್ತಿದ್ಲು. ಅದು ದೋರನಹಳ್ಳಿ ಮುಟ್ಟಲಿಲ್ಲ, ಪಲ್ಟಿ ಆತು. ಇವರು ಡಿಪೋದಾಗ ಬಸ್ ಹಚ್ಚಿ ಕೈ ತೊಳೀತಿದ್ರು, ಆವಾಗ ಫೋನ್ ಬಂತು.”

ತೌಫೀಕನಿಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು.

“ರೂಲ್ ಪ್ರಕಾರ ಕಾಕಾಂದೇನೂ ತಪ್ಪಿಲ್ರಿ. ದಿನಾ ನೂರು ಮಂದಿ ಕೈ ಮಾಡ್ತಾರ. ಆಕಿ ಯಾರಂತ ಅವರಿಗರ ಹ್ಯಾಂಗ ಗೊತ್ತಾಗಬೇಕು?”

“ಗೊತ್ತಿತ್ತಪ್ಪ,” ಎಂದರು ಗೊಲ್ಲಾಳಮ್ಮ. “ನಮಗ ಇದ್ದಾಕಿ ಆಕಿ ಒಬ್ಬಾಕಿನೇ ಮಗಳು.”