ಐದರೊಳಗೆ

ಬಾಗಿಲು ಮುಚ್ಚುವ ಗುಂಡಿಯ ಮೇಲೆ ಬೆರಳಿಟ್ಟಾಗಲೇ ಬಸ್ಸಿನ ಡ್ರೈವರಮ್ಮನಿಗೆ ಪಕ್ಕದ ಕನ್ನಡಿಯಲ್ಲಿ ಆ ಹೆಂಗಸು ಕಾಣಿಸಿದಳು. ಚೀಲ ಎದೆಗವಚಿಕೊಂಡು, ಒಂದು ಕೈ ಮೇಲೆತ್ತಿ, ಬಿದ್ದಂಬೀಳ ಓಡಿಬರುತ್ತಿದ್ದಳು. ಗಂಟೆ ನಾಲ್ಕು ಐವತ್ತೆರಡು.

ನಲವತ್ತಾರನೇ ವಯಸ್ಸಿಗೆ ಕಾಲೇಜು ಸೇರಿದ ಡ್ರೈವರಮ್ಮನ ಪ್ರಬಂಧ ಐದರೊಳಗೆ ತಲುಪಬೇಕಿತ್ತು. ಮಧ್ಯಾಹ್ನ ಊಟ ಬಿಟ್ಟು ಕಳಿಸಲು ಕೂತರೆ ಸರ್ವರ್ ಕೈಕೊಟ್ಟಿತ್ತು. ಎಂಜಿನ್ ಆರಿಸದೆ ಫೋನ್ ಮುಟ್ಟಿದರೆ ಕೆಲಸ ಹೋಗುತ್ತದೆ. ಎಂಜಿನ್ ಆರಿಸುವುದು ಮುಂದಿನ ನಿಲ್ದಾಣದಲ್ಲಿ ಮಾತ್ರ. ಬೇಗ ಬಂದ ಬಸ್ಸು ಅಲ್ಲಿ ಐದರವರೆಗೆ ನಿಲ್ಲಬೇಕೆಂಬುದು ನಿಯಮ. ಹೋದ ಸಲ ನಾಲ್ಕು ನಿಮಿಷ ತಡವಾಗಿದ್ದಕ್ಕೆ ಸೊನ್ನೆ ಕೊಟ್ಟ ಮೇಡಂ ಹೇಳಿದ್ದರು: “ನಿಮ್ಮೊಬ್ಬರಿಗೋಸ್ಕರ ಕಾಯೋಕಾಗುತ್ತಾ? ಇನ್ನೊಂದ್ಸಲ ಹೀಗಾದ್ರೆ ಕೋರ್ಸೇ ಇಲ್ಲ.”

ಅವಳು ಗುಂಡಿ ಒತ್ತಿದಳು. ಕನ್ನಡಿಯಲ್ಲಿ ಎತ್ತಿದ ಕೈ ಹಿಂದೆ ಹಿಂದೆ ಸರಿಯಿತು.

ನಾಲ್ಕು ಐವತ್ತೈದಕ್ಕೆ ಎಂಜಿನ್ ಆರಿಸಿ ಫೋನ್ ತೆಗೆದಳು. ಅವಸರಕ್ಕೆ ಎರಡು ಸಲ ಪಾಸ್‌ವರ್ಡ್ ತಪ್ಪಿತು. ‘ತಲುಪಿದೆ’ ಎಂದು ಬಂದಾಗ ಐವತ್ತೇಳು. ಇನ್ನು ಮೂರು ನಿಮಿಷ ಅಲ್ಲಾಡುವಂತಿರಲಿಲ್ಲ. ಬಸ್ಸು ಬಾಗಿಲು ತೆರೆದುಕೊಂಡು ಸುಮ್ಮನೆ ನಿಂತಿತ್ತು.

ಇನ್ನೇನು ಹೊರಡಬೇಕು, ಅಷ್ಟರಲ್ಲಿ ಆ ಹೆಂಗಸು ಕಂಬಿ ಹಿಡಿದು ಹತ್ತಿದಳು. ಮುಖವೆಲ್ಲ ಬೆವರು, ಒಂದು ಕಾಲಲ್ಲಿ ಚಪ್ಪಲಿಯಿರಲಿಲ್ಲ.

“ನನ್ನೊಬ್ಬಳಿಗೋಸ್ಕರ ಕಾಯ್ತಾ ನಿಂತಿದ್ರಲ್ಲಾ ಅಕ್ಕಾ,” ಎಂದಳು, ಉಸಿರು ಹಿಡಿದುಕೊಳ್ಳುತ್ತಾ. “ನಿಮ್ಮಂಥೋರು ಎಲ್ಲಿ ಸಿಗ್ತಾರೆ ಹೇಳಿ!”