ಮರಳಿ ಬಾರದವರು

ಆಸ್ಪತ್ರೆಯ ಸಭೆಯಲ್ಲಿ ನರ್ಸಮ್ಮ ತನ್ನ ಫೋನನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಒತ್ತಿದಾಗ ದೊಡ್ಡ ಡಾಕ್ಟರ ಭಾಷಣ ಅರ್ಧಕ್ಕೇ ನಿಂತಿತು. ಅವರ ಅಧ್ಯಯನದ ಫಲಿತಾಂಶ ಗೋಡೆಯ ಪರದೆಯ ಮೇಲೆ ಹೊಳೆಯುತ್ತಿತ್ತು: ವಿಮೆಯ ರೋಗಿಗಳನ್ನು ಆಪರೇಷನ್ ಆದ ಮೂರನೆಯ ದಿನವೇ ಮನೆಗೆ ಕಳಿಸಿದರೆ ಖರ್ಚು ಉಳಿಯುತ್ತದೆ, ಗುಣವಾಗುವುದರಲ್ಲಿ ಏನೂ ವ್ಯತ್ಯಾಸವಿಲ್ಲ. ತಿಂಗಳೊಳಗೆ ಆಸ್ಪತ್ರೆಗೆ ಮರಳದವರನ್ನೆಲ್ಲ ‘ಗುಣಮುಖ’ ಎಂದು ಬರೆದುಕೊಂಡಿದ್ದರು.

“ರೋಗಿಗಳ ಪಟ್ಟಿ ಮಾಡಿದ್ದು ನೀವು, ಸುಮ್ನೆ ಸಹಿ ಹಾಕಿ ನರ್ಸಮ್ಮ. ಫೋನು ಯಾಕೆ ಈಗ?” ಎಂದರು ದೊಡ್ಡ ಡಾಕ್ಟರು.

“ಹಾಕ್ತೀನಿ ಸಾರ್. ನಲವತ್ತೊಂದನೇ ನಂಬರಿನವ್ರು ಗುಣ ಆಗಿದ್ದಾರಲ್ಲ, ಒಂದ್ಮಾತು ವಿಚಾರಿಸಿ ಹಾಕ್ತೀನಿ.” ಇಪ್ಪತ್ತು ವರ್ಷ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವಳು ಇವತ್ತು ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ.

ಫೋನಿನ ಆ ಕಡೆಯಿಂದ ಹೆಂಗಸಿನ ದನಿ ಬಂತು. “ಅಕ್ಕಾ, ಫೋನ್ ಮಾಡ್ತೀನಿ ಅಂತ ನೀವು ಹೇಳಿದ್ರಲ್ಲ, ಬೆಳಿಗ್ಗೆಯಿಂದ ಕಾಯ್ತಾನೇ ಇದ್ದೀನಿ. ದೊಡ್ಡ ಡಾಕ್ಟ್ರು ಅಲ್ಲೇ ಇದ್ದಾರಾ?”

“ಎದುರಿಗೇ ಕೂತಿದ್ದಾರೆ ಕಣಮ್ಮ. ನಿಮ್ಮ ಯಜಮಾನ್ರು ಆಸ್ಪತ್ರೆಗೆ ಯಾಕೆ ವಾಪಸ್ ಬರ್ಲಿಲ್ಲ, ಅವ್ರಿಗೇ ಹೇಳು.”

“ಮನೆಗೆ ಬಂದ ಐದನೇ ದಿನ ಹೋಗ್ಬಿಟ್ರು ಡಾಕ್ಟ್ರೇ. ಗಾಯ ಕೀವು ಕಟ್ಟಿತ್ತು. ಇನ್ನೆರಡು ದಿನ ಇರ್ತೀವಿ ಅಂತ ಕೈ ಮುಗಿದು ಕೇಳಿದ್ವಿ. ನಿಯಮ ಇಲ್ಲ ಅಂದ್ರಿ.”

ದೊಡ್ಡ ಡಾಕ್ಟರು ಪರದೆಯನ್ನು ಆರಿಸಲು ರಿಮೋಟಿಗಾಗಿ ತಡಕಾಡುತ್ತಿದ್ದರು. ನರ್ಸಮ್ಮ ರಿಮೋಟನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಇನ್ನೂ ಹನ್ನೊಂದು ‘ಗುಣಮುಖ’ರ ಫೋನ್ ನಂಬರಿದ್ದ ಹಾಳೆಯನ್ನು ಫೋನಿನ ಜೊತೆಗೇ ಅವರ ಮುಂದೆ ಸರಿಸಿದಳು.

“ಮುಂದಿನವ್ರಿಗೆ ನೀವೇ ಫೋನ್ ಮಾಡಿ, ಸಾರ್.”